ಬಿ.ಪಿ. ಮಾತ್ರೆ, ಎಸಿಇ2, ಕೊರೋನಾ: ವೈರಸ್ ಒಳಗೆ ಹೋಗೋಕೆ ನಮ್ಮ ಮೈಯೇ ದಾರಿ ಮಾಡಿಕೊಡುತ್ತಾ?

ಮೆಡಿಕಲ್_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಂದು ಪಿ.ಜೆ. ಬಡಾವಣೆ ಕಡೆ ಔಷಧಿ ಅಂಗಡಿ. 2020ರಾಗ ಲಾಕ್‌ಡೌನ್ ಶುರುವಾದ ಹೊಸದಾಗಿ ವಾಟ್ಸಾಪ್‌ನಾಗ ಒಂದು ಸುದ್ದಿ ಓಡಾಡ್ತಿತ್ತು, ಬಿ.ಪಿ. ಮಾತ್ರೆ ತಗೊಂಡ್ರ ಕೊರೋನಾ ಬೇಗ ಹತ್ತುತ್ತೆ ಅಂತ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ತಗೊಳ್ಳೋ ಮಂದಿ ಸ್ಟ್ರಿಪ್ ವಾಪಸ್ ತಂದು ಕೌಂಟರ್ ಮ್ಯಾಲೆ ಇಟ್ಟು ಹೋಗಿದ್ರು. ಈಗಲೂ ನಮ್ಮ ಗಿರಾಕಿ ಒಬ್ರು ಹಿರಿಯರು, ಕಾಟನ್ ಮಿಲ್ಲಿನಾಗ ದುಡಿದು ರಿಟೈರ್ ಆದೋರು, ಬಂದಾಗೆಲ್ಲ ಕೇಳ್ತಾರ: "ಈ ಮಾತ್ರೆಗೂ ಎಸಿಇ ಅಂತೀರಿ, ಕೊರೋನಾ ಹೊಕ್ಕೊಳ್ಳೋ ಜಾಗಕ್ಕೂ ಎಸಿಇ ಅಂತೀರಿ. ಎರಡೂ ಒಂದೇ ಏನಪಾ?"

ನಾನು "ಇಲ್ಲ ಅಜ್ಜಾರ, ಮಾತ್ರೆ ಬಿಡಬ್ಯಾಡ್ರಿ" ಅಂದು ಕಳಿಸ್ತೀನಿ. ಆದ್ರ ಅವರು ಬಿಡೋರಲ್ಲ. "ವೈರಸ್ ಬರ್ಲಿ ಅಂತ ನಮ್ಮ ಮೈಯಾಗ ಜಾಗ ಯಾಕ ಇಟ್ಟೈತಿ?" ಅಂತಾರ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ತಿಳಿದೋರು ಬಿಡಿಸಿ ಹೇಳ್ರಿ.

ಚಳ್ಳಕೆರೆ_ಬಯಾಲಜಿ

ಹಿರಿಯರ ಎರಡನೇ ಪ್ರಶ್ನೆ ಬಲು ಚೆನ್ನಾಗಿದೆ ಸರ್. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡೋನು. ಹುಡುಗರೂ ಇದನ್ನೇ ಕೇಳ್ತಾರೆ.

ವೈರಸ್‌ಗೆ ಅಂತ ಮೀಸಲಿಟ್ಟ ಪ್ರೋಟೀನ್ ನಮ್ಮ ಮೈಯಲ್ಲಿ ಒಂದೂ ಇಲ್ಲ. ಕೊರೋನಾ ವೈರಸ್ ಹಿಡ್ಕೊಳ್ಳೋ ಎಸಿಇ2 ನಮ್ಮ ಕೋಶದ ಮೇಲಿನ ಒಂದು ಪ್ರೋಟೀನ್, ಅದಕ್ಕೆ ಅದರದೇ ಕೆಲಸ ಇದೆ. ನಮ್ಮ ರಕ್ತದಲ್ಲಿ ಆಂಜಿಯೋಟೆನ್ಸಿನ್-2 ಅನ್ನೋ ಸಣ್ಣ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರ ಇರುತ್ತೆ. ರಕ್ತನಾಳ ಬಿಗಿಮಾಡಿ ಒತ್ತಡ ಏರಿಸೋದು ಅದು. ಅದರ ತುದಿಯ ಒಂದೇ ಒಂದು ಅಮೈನೋ ಆಮ್ಲವನ್ನು ಎಸಿಇ2 ಕತ್ತರಿಸಿ ಹಾಕುತ್ತೆ. ಉಳಿದ ತುಂಡು ಆಂಜಿಯೋಟೆನ್ಸಿನ್ 1-7, ಅದು ನಾಳ ಸಡಿಲಿಸುತ್ತೆ. ಸಣ್ಣ ಕರುಳು, ಮೂತ್ರಪಿಂಡ, ಹೃದಯ, ಮೂಗಿನ ಒಳಪದರ ಹೀಗೆ ಹಲವು ಕಡೆ ಜೀವಕೋಶದ ಪೊರೆಯಿಂದ ಹೊರಕ್ಕೆ ಚಾಚಿಕೊಂಡು ಇರುತ್ತೆ. 2000ನೇ ಇಸವಿಯಲ್ಲಿ ಇದನ್ನು ಗುರುತಿಸಿದಾಗ ಎಲ್ಲರ ಕಣ್ಣು ಹೃದಯ ಮತ್ತು ರಕ್ತದೊತ್ತಡದ ಮೇಲೇ ಇತ್ತು. 2003ರಲ್ಲಿ ಸಾರ್ಸ್ ಬಂದಾಗ ಆ ವೈರಸ್ ಹಿಡಿಯೋದು ಇದನ್ನೇ ಅಂತ ಗೊತ್ತಾಯ್ತು. 2020ರ ವೈರಸ್ಸೂ ಅದನ್ನೇ ಹಿಡಿಯಿತು.

ಬೇರೆ ಕೊರೋನಾ ವೈರಸ್‌ಗಳು ಬೇರೆ ಪ್ರೋಟೀನ್ ಹಿಡೀತವೆ. ನೆಗಡಿ ತರೋ 229ಇ ಹಿಡಿಯೋದು ಅಮಿನೋಪೆಪ್ಟಿಡೇಸ್-ಎನ್. 2012ರಲ್ಲಿ ಸೌದಿಯಲ್ಲಿ ಕಾಣಿಸಿಕೊಂಡ, ಒಂಟೆಯಿಂದ ಬರೋ ಮರ್ಸ್ ವೈರಸ್ ಹಿಡಿಯೋದು ಡಿಪಿಪಿ4. ಇನ್ನೊಂದು ನೆಗಡಿ ವೈರಸ್ ಒಸಿ43ಗೆ ಪ್ರೋಟೀನೇ ಬೇಡ, ಕೋಶದ ಮೇಲಿನ ಸಯಾಲಿಕ್ ಆಮ್ಲ ಅನ್ನೋ ಸಕ್ಕರೆ ಸಾಕು. ನನಗೆ ಸೋಜಿಗ ಅನ್ನಿಸೋದು ಏನಂದರೆ ಎಸಿಇ2, ಡಿಪಿಪಿ4, ಅಮಿನೋಪೆಪ್ಟಿಡೇಸ್ ಮೂರೂ ಪೆಪ್ಟೈಡ್ ಕತ್ತರಿಸುವ ಕಿಣ್ವಗಳು. ಆದರೆ ವೈರಸ್‌ಗೆ ಅವುಗಳ ಕತ್ತರಿಸುವ ಕೆಲಸ ಬೇಕಿಲ್ಲ, ಹಿಡಿಕೆ ಅಷ್ಟೇ ಬೇಕು.

ಇನ್ನೊಂದು ಮಾತು. ಎನ್‌ಎಲ್63 ಅಂತ ಒಂದಿದೆ, ಅದೂ ಎಸಿಇ2ನೇ ಹಿಡಿಯುತ್ತೆ. ಸಾಮಾನ್ಯವಾಗಿ ಅದರಿಂದ ಆಗೋದು ಬರೀ ನೆಗಡಿ, ಕೆಮ್ಮು. ಯಾವ ಪ್ರೋಟೀನ್ ಹಿಡೀತು ಅನ್ನೋದರಿಂದಲೇ ಕಾಯಿಲೆ ಎಷ್ಟು ಜೋರು ಅಂತ ಹೇಳೋಕಾಗಲ್ಲ.

ಮೆಡಿಕಲ್_ದಾವಣಗೆರೆ

ಡಿಪಿಪಿ4 ಅಂದ್ರಾ ಸರ್? ಟೆನೆಲಿಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ದಿನಾ ಮಾರ್ತೀನಲ್ರಿ, ಎಲ್ಲಾ ಡಿಪಿಪಿ4 ತಡೆಯೋ ಶುಗರ್ ಮಾತ್ರೆ. ಹಂಗಾದ್ರ ಅದನ್ನ ತಗೊಂಡೋರಿಗೆ ಮರ್ಸ್ ಬರೋದಿಲ್ಲೇನು?

ವೈದ್ಯೆ_ಎಂಸಿಸಿ_ಬಿ_ಬ್ಲಾಕ್

ಹಾಗೆ ಆಗಿದ್ರೆ ಎಷ್ಟು ಚೆನ್ನಾಗಿತ್ತು! ಆದರೆ ಗ್ಲಿಪ್ಟಿನ್ ಹೋಗಿ ಕೂರೋದು ಕಿಣ್ವದ ಒಳಗುಳಿಯಲ್ಲಿ, ಪೆಪ್ಟೈಡ್ ಕತ್ತರಿಸೋ ಜಾಗದಲ್ಲಿ. ಮರ್ಸ್ ವೈರಸ್ ಅಂಟೋದು ಅದೇ ಪ್ರೋಟೀನಿನ ಹೊರಮೈಗೆ, ಬೇರೆ ಕಡೆ. 2013ರಲ್ಲಿ ಡಿಪಿಪಿ4 ಪತ್ತೆಯಾದಾಗಲೇ ಗ್ಲಿಪ್ಟಿನ್ ಹಾಕಿ ನೋಡಿದರು, ವೈರಸ್ ನಿಲ್ಲಲಿಲ್ಲ.

ಈಗ ಬಿ.ಪಿ. ಮಾತ್ರೆ. ಎಸಿಇ ಬೇರೆ, ಎಸಿಇ2 ಬೇರೆ. ಎಸಿಇ ಅಂದರೆ ಆಂಜಿಯೋಟೆನ್ಸಿನ್-2 ತಯಾರು ಮಾಡೋ ಕಿಣ್ವ. ರಾಮಿಪ್ರಿಲ್, ಎನಾಲಾಪ್ರಿಲ್ ತಡೆಯೋದು ಎಸಿಇಯನ್ನು. ಎಸಿಇ2 ಮೇಲೆ ಅವು ಕೆಲಸ ಮಾಡಲ್ಲ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಕಿಣ್ವಕ್ಕೇ ಹೋಗಲ್ಲ, ಕೋಶದ ಮೇಲೆ ಆಂಜಿಯೋಟೆನ್ಸಿನ್-2 ಕೂರೋ ಗ್ರಾಹಕವನ್ನು (ರಿಸೆಪ್ಟರ್) ಮುಚ್ಚುತ್ತವೆ. ಆಗ ಭಯ ಹುಟ್ಟಿದ್ದು ಇಲ್ಲಿಂದ: ಕೆಲವು ಪ್ರಾಣಿ ಪ್ರಯೋಗಗಳಲ್ಲಿ ಈ ಔಷಧ ಕೊಟ್ಟಾಗ ಎಸಿಇ2 ಪ್ರಮಾಣ ಏರಿತ್ತು. "ಎಸಿಇ2 ಜಾಸ್ತಿ, ಹಾಗಾದರೆ ವೈರಸ್ಸೂ ಜಾಸ್ತಿ" ಅಂತ ಜನ ಲೆಕ್ಕ ಹಾಕಿಬಿಟ್ಟರು. ಊಹೆ ತಪ್ಪಲ್ಲ, ಪರೀಕ್ಷೆ ಮಾಡಲೇಬೇಕಾದ ಊಹೆಯೇ. ಮಾಡಿದರು ಕೂಡ. ಬ್ರೆಜಿಲ್‌ನಲ್ಲಿ ಈ ಮಾತ್ರೆ ತಗೊಳ್ತಿದ್ದ 659 ಕೋವಿಡ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 30 ದಿನ ಮಾತ್ರೆ ನಿಲ್ಲಿಸಿದರು, ಇನ್ನೊಂದಕ್ಕೆ ಮುಂದುವರಿಸಿದರು. 2021ರ ಜನವರಿಯಲ್ಲಿ ಫಲಿತಾಂಶ ಬಂತು, ನಿಲ್ಲಿಸಿದವರಿಗೆ ಏನೂ ಲಾಭ ಆಗಿರಲಿಲ್ಲ.

ಆ ದಿನಗಳಲ್ಲಿ ಮಾತ್ರೆ ತಾವೇ ಬಿಟ್ಟು, ಬಿ.ಪಿ. 200 ದಾಟಿಸಿಕೊಂಡು ಬಂದವರನ್ನು ನಾನು ನೋಡಿದ್ದೀನಿ. ಕೊರೋನಾಗಿಂತ ಆ ಫಾರ್ವರ್ಡ್ ಮೆಸೇಜ್ ಮೇಲೇ ನನಗೆ ಸಿಟ್ಟು ಹೆಚ್ಚು.

ಕೋಟೆ_ಕಲ್ಲು

ಎಲ್ಲಾ ಸರಿ ಮೇಡಂ. ಟಿವಿಯಲ್ಲಿ ಆಗ ದಿನಾ ತೋರಿಸೋರು, ವೈರಸ್ ಮೈಮೇಲಿನ ಮುಳ್ಳು ಇದೆಯಲ್ಲ, ಆ ಸ್ಪೈಕ್ ಅಂದ್ರೆ ಕೀಲಿ, ಎಸಿಇ2 ಅಂದ್ರೆ ಬೀಗ, ಕೀಲಿ ಹಾಕಿದ್ರೆ ಬಾಗಿಲು ತೆರೀತು ಅಂತ. ಅಷ್ಟು ಸಲೀಸಾಗಿದ್ರೆ ಔಷಧಿ ಯಾಕೆ ಸಿಗಲಿಲ್ಲ? ಹೈಡ್ರಾಕ್ಸಿಕ್ಲೋರೋಕ್ವಿನ್ ಲ್ಯಾಬಲ್ಲಿ ವೈರಸ್ ತಡೀತು ಅಂದ್ರು, ಸರ್ಕಾರದೋರೇ ಆಸ್ಪತ್ರೆ ಸಿಬ್ಬಂದಿಗೆ ತಗೊಳ್ಳಿ ಅಂದ್ರು. ಆಮೇಲೆ ಕೆಲಸ ಮಾಡಲ್ಲ ಅಂದ್ರು. ಲ್ಯಾಬಲ್ಲಿ ಮಾಡಿದ್ದು ಮನುಷ್ಯರಲ್ಲಿ ಯಾಕೆ ಮಾಡಲಿಲ್ಲ? ಹತ್ತು ರೂಪಾಯಿ ಮಾತ್ರೆಯಲ್ಲಿ ಕಂಪನಿಗೆ ಲಾಭ ಇಲ್ಲ ಅಂತ ಮುಚ್ಚಿಹಾಕಿದ್ರು ಅಂತ ನಾನು ಈಗಲೂ ಹೇಳ್ತೀನಿ.

ಮೆಡಿಕಲ್_ದಾವಣಗೆರೆ

ಅದರ ಕಥೆ ನನ್ನ ಕೇಳ್ರಿ. 2020ರ ಮಾರ್ಚ್ ಕೊನೆಗೆ ಅದನ್ನ ಶೆಡ್ಯೂಲ್ ಎಚ್1ಗೆ ಸೇರಿಸಿದ್ರು, ಚೀಟಿ ಇಲ್ದ ಕೊಡಂಗಿಲ್ಲ, ರಿಜಿಸ್ಟರ್‌ನಾಗ ಬರೀಬೇಕು. ಆದ್ರೂ ಎಲ್ಲೆಲ್ಲೂ ಸ್ಟಾಕ್ ಖಾಲಿ. ಸಂಧಿವಾತಕ್ಕೆ ವರ್ಷಗಟ್ಟಲೆ ಅದನ್ನೇ ನುಂಗ್ತಿದ್ದ ಒಬ್ಬ ಅಕ್ಕಾರು ಬೆರಳು ಮಡಚೋಕಾಗ್ದೆ ಅಂಗಡಿ ಅಂಗಡಿ ಅಲೆದ್ರು.

ವೆರೋ_ಹುಡುಗಿ

ಕೋಟೆ ಕಲ್ಲು ಅಣ್ಣ, ನಿಮ್ಮ ಪ್ರಶ್ನೆ ಸರಿಯಾದ್ದೇ. ಉತ್ತರ ಮಾತ್ರ ಕಂಪನಿ ಹತ್ತಿರ ಇಲ್ಲ, ಕೋತಿಯ ಮೂತ್ರಪಿಂಡದಲ್ಲಿದೆ. ನಮ್ಮೂರು ಹೊಸದುರ್ಗ, ಈಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಆ ಕೀಲಿ-ಬೀಗದ ಮಾತು ಅರ್ಧ ದಾರಿಗೇ ನಿಲ್ಲುತ್ತೆ. ಸ್ಪೈಕ್ ಹೋಗಿ ಎಸಿಇ2 ಮೇಲೆ ಕೂತರೆ ಬಾಗಿಲು ತೆರೆಯಲ್ಲ. ಆ ಸ್ಪೈಕನ್ನು ಯಾರಾದರೂ ಕತ್ತರಿಸಬೇಕು. ವೈರಸ್ ಕೈಲಿ ಕತ್ತರಿ ಇಲ್ಲ, ಕತ್ತರಿಸೋದು ನಮ್ಮ ಕಿಣ್ವ. ಅದೂ ಎರಡು ಸಲ, ಎರಡು ಜಾಗದಲ್ಲಿ.

ಒಂದು ಸ್ಪೈಕ್ ಅಂದರೆ ಒಂದೇ ಥರದ ಮೂರು ಸರಪಳಿ ಹೆಣೆದುಕೊಂಡಿದ್ದು, ಒಂದೊಂದರಲ್ಲಿ 1273 ಅಮೈನೋ ಆಮ್ಲ. ಮೇಲಿನ ಭಾಗ ಎಸ್1, ಎಸಿಇ2 ಹಿಡಿಯೋದು ಅದು. ಬುಡದ ಭಾಗ ಎಸ್2, ವೈರಸ್ಸಿನ ಪೊರೆಯನ್ನೂ ನಮ್ಮ ಕೋಶದ ಪೊರೆಯನ್ನೂ ಒಂದು ಮಾಡೋದು ಅದರ ಕೆಲಸ. ಮೊದಲ ಕತ್ತರಿ ಇವೆರಡರ ನಡುವೆ ಬೀಳುತ್ತೆ. ಹಾಕೋದು ಫ್ಯೂರಿನ್. ನಮ್ಮ ಕೋಶದಲ್ಲಿ ಎಷ್ಟೋ ಪ್ರೋಟೀನ್‌ಗಳನ್ನು ಕತ್ತರಿಸಿ ಕೆಲಸಕ್ಕೆ ಸಿದ್ಧ ಮಾಡೋ ಕಿಣ್ವ ಅದು. ಹೊಸ ವೈರಸ್ ಇನ್ನೂ ಹಳೇ ಕೋಶದಿಂದ ಹೊರಗೆ ಹೊರಟಿರುವಾಗಲೇ, ಕೋಶದೊಳಗೆ ಪ್ರೋಟೀನ್ ಸಿದ್ಧಮಾಡಿ ಸಾಗಿಸೋ ಗಾಲ್ಗಿ ಅನ್ನೋ ಭಾಗ ದಾಟೋ ದಾರಿಯಲ್ಲೇ ಈ ಕತ್ತರಿ ಆಗಿಹೋಗಿರುತ್ತೆ. ಅಂದರೆ ನಿಮ್ಮ ಮೂಗಿಗೆ ಬಂದು ಬೀಳೋ ವೈರಸ್ಸನ್ನು ಇನ್ನೊಬ್ಬರ ಮೈ ಆಗಲೇ ಅರ್ಧ ತಯಾರು ಮಾಡಿ ಕಳಿಸಿರುತ್ತೆ.

ಎರಡನೇ ಕತ್ತರಿ ಎಸ್2 ಒಳಗೆ, ಎಸಿಇ2 ಹಿಡಿದ ಮೇಲೆ. ಇದಕ್ಕೆ ಎರಡು ದಾರಿ. ಕೋಶದ ಮೇಲ್ಮೈಯಲ್ಲಿ ಎಸಿಇ2 ಜೊತೆಗೆ ಟಿಎಂಪಿಆರ್‌ಎಸ್‌ಎಸ್2 ಅನ್ನೋ ಕಿಣ್ವ ಇದ್ದರೆ (ಲ್ಯಾಬಿನಲ್ಲಿ ಟೆಂಪ್ರೆಸ್ ಅಂತೀವಿ, ಇಲ್ಲೂ ಹಾಗೇ ಬರೀತೀನಿ) ಅದು ಅಲ್ಲೇ ಕತ್ತರಿಸುತ್ತೆ, ವೈರಸ್ ಮೇಲ್ಮೈಯಿಂದಲೇ ಒಳಗೆ. ಟೆಂಪ್ರೆಸ್ ಇಲ್ಲದಿದ್ದರೆ ಕೋಶ ಆ ವೈರಸ್ಸನ್ನು ಪೊರೆಯ ಸಣ್ಣ ಚೀಲದಲ್ಲಿ ಒಳಗೆಳೆದುಕೊಳ್ಳುತ್ತೆ. ಎಂಡೋಸೋಮ್ ಅಂತಾರೆ. ಒಳಗೆ ಹೋಗ್ತಾ ಹೋಗ್ತಾ ಆ ಚೀಲ ಆಮ್ಲೀಯ ಆಗುತ್ತೆ, ಆಗ ಕೆಥೆಪ್ಸಿನ್-ಎಲ್ ಅನ್ನೋ ಇನ್ನೊಂದು ಕಿಣ್ವ ಕತ್ತರಿಸುತ್ತೆ. ಯಾವ ದಾರಿಯಾದರೂ ಕೊನೆಗೆ ಆಗೋದು ಒಂದೇ: ಎಸ್1 ಕಳಚಿಬೀಳುತ್ತೆ, ಎಸ್2 ನೆಟ್ಟಗೆ ಚಾಚಿ ನಮ್ಮ ಪೊರೆಗೆ ಚುಚ್ಚಿಕೊಂಡು, ಹಿಂದಕ್ಕೆ ಮಡಚಿಕೊಂಡು ಎರಡು ಪೊರೆಯನ್ನೂ ಹತ್ತಿರಕ್ಕೆಳೆದು ಕೂಡಿಸಿಬಿಡುತ್ತೆ. ವೈರಸ್ಸಿನ ಆರ್‌ಎನ್‌ಎ ಒಳಗೆ.

ಈಗ ನಿಮ್ಮ ಮಾತ್ರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾಡೋದು ಎಂಡೋಸೋಮ್ ಆಮ್ಲೀಯ ಆಗದ ಹಾಗೆ ತಡೆಯೋದು. 2020ರ ಶುರುವಿನಲ್ಲಿ ಎಲ್ಲರೂ ಪರೀಕ್ಷೆ ಮಾಡಿದ್ದು ವೆರೋ ಕೋಶದಲ್ಲಿ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ಬೆಳೆಸಿದ ಕೋಶದ ವಂಶ. ಅದರಲ್ಲಿ ಟೆಂಪ್ರೆಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ವೈರಸ್‌ಗೆ ಇದ್ದದ್ದು ಎಂಡೋಸೋಮ್ ದಾರಿ ಒಂದೇ. ಮಾತ್ರೆ ಅದನ್ನು ಮುಚ್ಚಿತು, ವೈರಸ್ ನಿಂತಿತು, ಸುದ್ದಿ ಆಯ್ತು. ಆಮೇಲೆ ಜರ್ಮನಿಯ ಗಟಿಂಗೆನ್‌ನ ತಂಡ ಕ್ಯಾಲು-3 ಅನ್ನೋ ಮನುಷ್ಯರ ಶ್ವಾಸಕೋಶದ ಕೋಶದಲ್ಲಿ ಮಾಡಿ ನೋಡಿತು. ಅಲ್ಲಿ ಟೆಂಪ್ರೆಸ್ ಇದೆ, ಮಾತ್ರೆ ಏನೂ ಮಾಡಲಿಲ್ಲ. ಇನ್ನೂ ಪಕ್ಕಾ ಮಾಡಿಕೊಳ್ಳೋಕೆ ವೆರೋ ಕೋಶಕ್ಕೇ ಟೆಂಪ್ರೆಸ್ ಸೇರಿಸಿದರು. ಅದೇ ಕೋತಿ ಕೋಶ, ಅದೇ ಮಾತ್ರೆ, ಆದರೆ ಈಗ ವೈರಸ್ ನಿಲ್ಲಲಿಲ್ಲ!

ಯಾಕೆ ಮೊದಲೇ ಶ್ವಾಸಕೋಶದ ಕೋಶದಲ್ಲಿ ಮಾಡಲಿಲ್ಲ ಅಂತ ಕೇಳ್ತೀರಿ. ವೆರೋ ಬೆಳೆಸೋದು ಸುಲಭ ಅಣ್ಣ. ಗುಲಾಬಿ ಬಣ್ಣದ ಮೀಡಿಯಂ (ಕೋಶಕ್ಕೆ ಆಹಾರ ಕೊಡೋ ದ್ರವ) ಹಾಕಿಟ್ಟರೆ ಸಾಕು, ಫ್ಲಾಸ್ಕಿನ ತಳ ಪೂರ್ತಿ ಒಂದಕ್ಕೊಂದು ಒತ್ತಿಕೊಂಡು ತುಂಬಿಕೊಳ್ಳುತ್ತವೆ. ವಾರಾಂತ್ಯ ಮರೆತು ಊರಿಗೆ ಹೋದರೆ ಮೀಡಿಯಂ ಹಳದಿಗೆ ತಿರುಗಿರುತ್ತೆ, ಕೋಶ ಮಾತ್ರ ಬದುಕಿರ್ತವೆ. ಕ್ಯಾಲು-3 ಹಾಗಲ್ಲ. ಅಲ್ಲೊಂದು ಗುಂಪು ಇಲ್ಲೊಂದು ಗುಂಪು ಅಂತ ನಿಧಾನಕ್ಕೆ, ಮುನಿಸಿಕೊಂಡು ಬೆಳೀತವೆ. ಅವಸರದಲ್ಲಿದ್ದಾಗ ಜಗತ್ತೇ ಸುಲಭದ ಕೋಶ ಹಿಡಿಯಿತು.

ವೈದ್ಯೆ_ಎಂಸಿಸಿ_ಬಿ_ಬ್ಲಾಕ್

ಇದಕ್ಕೆ ಮನುಷ್ಯರ ಲೆಕ್ಕ ಸೇರಿಸ್ತೀನಿ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ 1561 ಜನಕ್ಕೆ ಆ ಮಾತ್ರೆ ಕೊಟ್ಟರು, 3155 ಜನಕ್ಕೆ ಮಾಮೂಲಿ ಚಿಕಿತ್ಸೆ. 28 ದಿನದಲ್ಲಿ ತೀರಿಕೊಂಡವರು ಕ್ರಮವಾಗಿ ನೂರಕ್ಕೆ 27, ನೂರಕ್ಕೆ 25. ಅದೇ ಪ್ರಯೋಗ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತೆ ಅಂತಲೂ ತೋರಿಸಿತು. ಅದು ಇನ್ನೂ ಅಗ್ಗದ ಮಾತ್ರೆ ಕೋಟೆ ಕಲ್ಲು ಅವರೇ, ಅದನ್ನು ಯಾವ ಕಂಪನಿಯೂ ಮುಚ್ಚಿಹಾಕಲಿಲ್ಲ.

ಕೋಟೆ_ಕಲ್ಲು

ಡೆಕ್ಸಾ ಮಾತು ಒಪ್ಪಿದೆ ಮೇಡಂ. ಆದ್ರೆ ತಂಗೀ, ಆ ಫ್ಯೂರಿನ್ ಕತ್ತರಿಸೋ ಜಾಗ ಹಳೇ ಸಾರ್ಸ್‌ನಲ್ಲಿ ಇರಲೇ ಇಲ್ವಂತೆ. ಇದಕ್ಕೆ ಎಲ್ಲಿಂದ ಬಂತು? ಯಾರೋ ಕೂತು ಸೇರಿಸಿದ್ದಲ್ವಾ?

ವೆರೋ_ಹುಡುಗಿ

ಹಳೇ ಸಾರ್ಸ್‌ನಲ್ಲಿ ಇರಲಿಲ್ಲ, ನಿಜ. ಮರ್ಸ್‌ನಲ್ಲಿದೆ, ನೆಗಡಿ ತರೋ ಒಸಿ43, ಎಚ್‌ಕೆಯು1ರಲ್ಲೂ ಇದೆ. ಕೊರೋನಾ ಕುಟುಂಬದಲ್ಲಿ ಇಂಥ ಜಾಗ ಬಂದು ಹೋಗಿದ್ದು ಹೊಸದಲ್ಲ. ಇನ್ನೊಂದು ವಿಷಯ, ಈ ವೈರಸ್ಸನ್ನು ವೆರೋ ಕೋಶದಲ್ಲಿ ಮತ್ತೆ ಮತ್ತೆ ಬೆಳೆಸಿದರೆ ಆ ಜಾಗ ತಾನಾಗೇ ಅಳಿಸಿಹೋಗುತ್ತೆ. ಟೆಂಪ್ರೆಸ್ ಇಲ್ಲದ ಕಡೆ ಅದರಿಂದ ವೈರಸ್‌ಗೆ ಉಪಯೋಗ ಇಲ್ಲ. ಸಂಶೋಧಕರು ಇದಕ್ಕೇ ತಾವು ಬೆಳೆಸಿದ ವೈರಸ್ಸಿನ ಜೀನ್ ಅಕ್ಷರಗಳನ್ನು ಆಗಾಗ ಓದಿ ನೋಡಬೇಕಾಗುತ್ತೆ.

ನಿರ್ವಾಹಕ

ವೈರಸ್ ಎಲ್ಲಿ ಹುಟ್ಟಿತು ಅನ್ನೋದಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಜಗಳ ಆಗಿದೆ. ಇಲ್ಲಿ ಜೀವಕೋಶದ ಒಳಗೆ ಹೋಗೋ ವಿಷಯ ಮಾತ್ರ. ಹಾಗೇ ದುರ್ಗದವರಲ್ಲಿ ಒಂದು ವಿನಂತಿ, ದಯವಿಟ್ಟು ಯಾರೂ ಓಬವ್ವನ ಕಿಂಡಿ ಹೋಲಿಕೆ ತರಬೇಡಿ. ಡಿಲೀಟ್ ಮಾಡಿ ಮಾಡಿ ಸಾಕಾಗಿದೆ.

ಹೊಳಲ್ಕೆರೆ_ಅಕ್ಕ

ನನಗೊಂದು ಡೌಟು. ಎರಡನೇ ಅಲೆಯಲ್ಲಿ ನನಗೆ ಕೊರೋನಾ ಬಂದು ಹೋದ ಮೇಲೆ ಮೂಗಿಗೆ ವಾಸನೆಯೇ ಇರಲಿಲ್ಲ. ಒಗ್ಗರಣೆ ಸೀದು ಕರಕಲಾದ್ರೂ ಗೊತ್ತಾಗ್ತಿರಲಿಲ್ಲ, ನಮ್ಮತ್ತೆ ಪಡಸಾಲೆಯಿಂದ ಕೂಗಬೇಕಿತ್ತು. ಆಮೇಲೆ ಬಂತು, ಆದ್ರೆ ಕಾಫಿ ಮಾತ್ರ ಬಹಳ ದಿನ ಸುಟ್ಟ ರಬ್ಬರ್ ಥರ ವಾಸನೆ. ವೈರಸ್ ಮೂಗಿನ ನರಕ್ಕೇ ಹೋಗಿತ್ತಾ?

ಚಳ್ಳಕೆರೆ_ಬಯಾಲಜಿ

ಅಲ್ಲೂ ಈ ಎರಡು ಪ್ರೋಟೀನ್‌ಗಳದ್ದೇ ಕಥೆ ಅಕ್ಕಾ. 2020ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯವರು ಮೂಗಿನ ಮೇಲ್ಭಾಗದ ಕೋಶಗಳಲ್ಲಿ ಎಸಿಇ2, ಟೆಂಪ್ರೆಸ್ ಎಲ್ಲೆಲ್ಲಿ ತಯಾರಾಗುತ್ತೆ ಅಂತ ಹುಡುಕಿದರು. ವಾಸನೆ ಹಿಡಿಯೋ ನರಕೋಶದಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಅದರ ಅಕ್ಕಪಕ್ಕ ನಿಂತು ಪೋಷಿಸೋ ಆಧಾರ ಕೋಶಗಳಲ್ಲಿ. ಅವು ಸತ್ತರೆ ನರಕೋಶ ಕೆಲಸ ಮಾಡಲ್ಲ. ಆಧಾರ ಕೋಶ ಮತ್ತೆ ಬೆಳೀತವೆ, ಹಾಗಾಗಿ ಹೆಚ್ಚಿನವರಿಗೆ ವಾಸನೆ ವಾಪಸ್ ಬಂತು.

ಕೋಳಿಫಾರಂ_ಹರಿಹರ

ಇಷ್ಟೆಲ್ಲಾ ಓದಿದ ಮ್ಯಾಲೆ ನನ್ನದೂ ಸ್ವಲ್ಪ ಕೇಳ್ರಿ. 2020ರ ಫೆಬ್ರುವರಿ-ಮಾರ್ಚ್‌ನಾಗ ಕೋಳಿಯಿಂದ ಕೊರೋನಾ ಬರ್ತೈತಿ ಅಂತ ಪುಕಾರು ಹಬ್ಬಿತು. ಶೆಡ್ಡಿನ ತುಂಬ ಕೋಳಿ, ಕೊಳ್ಳೋರಿಲ್ಲ. ದಿನಾ ತಿನ್ನೋ ಫೀಡಿನ ದುಡ್ಡೂ ಹುಟ್ಟಲಿಲ್ಲ. ಪುಕ್ಕಟೆ ಕೊಡ್ತೀನಿ ಅಂದ್ರೂ ಮಂದಿ ಮುಖ ತಿರುವಿದ್ರು. ತಮಾಷೆ ಏನಂದ್ರ, ಮರಿ ಬಂದ ಮೊದಲ ವಾರದಾಗ ನಾವು ಕಣ್ಣಿಗೆ ಹನಿ ಹಾಕೋ ಐಬಿ (ಕೋಳಿಯ ಉಸಿರಾಟದ ರೋಗ) ಲಸಿಕೆನೂ ಕೊರೋನಾ ವೈರಸ್‌ಗೇ ಅಂತ ನಮ್ಮ ವೆಟರ್ನರಿ ಡಾಕ್ಟ್ರು ಆಮ್ಯಾಲೆ ಹೇಳಿದ್ರು. ಆಗ ಯಾರಿಗೂ ಹೇಳಿಲ್ಲ ನೋಡ್ರಿ, ಹೇಳಿದ್ರ ನನ್ನನ್ನೇ ಹೂಳಿಬಿಡ್ತಿದ್ರು.

ಈಗ ಹೇಳ್ರಿ, ಕೋಳಿಗೂ ಎಸಿಇ2 ಐತೇನು?

ವೆರೋ_ಹುಡುಗಿ

ಇದೆ ಅಣ್ಣ. ಕೋಳಿಗೂ ಎಸಿಇ2 ಇದೆ, ಆದರೆ ಸ್ಪೈಕ್ ಮುಟ್ಟೋ ಜಾಗದ ಅಮೈನೋ ಆಮ್ಲಗಳು ನಮ್ಮದರ ಥರ ಇಲ್ಲ, ಹಿಡಿತ ಸಿಗಲ್ಲ. 2020ರಲ್ಲೇ ಚೀನಾದಲ್ಲಿ ಕೋಳಿ, ಬಾತುಕೋಳಿ, ಹಂದಿ, ನಾಯಿ, ಬೆಕ್ಕು, ಫೆರೆಟ್‌ಗಳ ಮೂಗಿಗೆ ವೈರಸ್ ಹಾಕಿ ನೋಡಿದ್ದರು. ಕೋಳಿ, ಬಾತುಕೋಳಿಗೆ ಏನೂ ಆಗಲಿಲ್ಲ. ಬೆಕ್ಕು, ಫೆರೆಟ್‌ಗೆ ಹತ್ತಿತು. ಲ್ಯಾಬಿನ ಮಾಮೂಲಿ ಇಲಿಗೂ ಮೊದಲ ವೈರಸ್ ಹತ್ತುತ್ತಿರಲಿಲ್ಲ. ಮನುಷ್ಯರ ಎಸಿಇ2 ಜೀನ್ ಸೇರಿಸಿದ ಇಲಿ ಬೇಕಾಯ್ತು. ಆಮೇಲೆ ಎನ್501ವೈ ಅನ್ನೋ ರೂಪಾಂತರ ಬಂದಾಗ ಸ್ಪೈಕಿನ ಒಂದೇ ಅಮೈನೋ ಆಮ್ಲ ಬದಲಾಗಿ ಮಾಮೂಲಿ ಇಲಿಯ ಎಸಿಇ2 ಕೂಡ ಹಿಡಿಯೋ ಹಾಗಾಯ್ತು.

ನಿಮ್ಮ ಐಬಿ ವೈರಸ್ ಕೊರೋನಾ ಕುಟುಂಬದ್ದೇ, ಬೇರೆ ಶಾಖೆ. ಅದು ಕೋಳಿಯ ಉಸಿರಾಟದ ನಾಳದಲ್ಲಿರೋ ಸಯಾಲಿಕ್ ಆಮ್ಲ ಹಿಡಿಯುತ್ತೆ. ಮನುಷ್ಯರಿಗೆ ಬರಲ್ಲ.

ಮೆಡಿಕಲ್_ದಾವಣಗೆರೆ

ನನ್ನ ವ್ಯಾಪಾರಿ ಬುದ್ಧಿಗೆ ಹೊಳೆದಿದ್ದು ಇದು: ವೈರಸ್ ದಿನಾ ರೂಪ ಬದಲಿಸ್ತೈತಿ, ನಮ್ಮ ಟೆಂಪ್ರೆಸ್ ಬದಲಿಸಂಗಿಲ್ಲ. ಅದಕ್ಕೇ ಒಂದು ಮಾತ್ರೆ ಕೊಟ್ಟು ಕತ್ತರಿ ನಿಲ್ಲಿಸಿಬಿಟ್ರ?

ವೈದ್ಯೆ_ಎಂಸಿಸಿ_ಬಿ_ಬ್ಲಾಕ್

ಅಂಥ ಔಷಧ ಮೊದಲೇ ಇತ್ತು, ಕಾಮೋಸ್ಟಾಟ್. ಜಪಾನಿನಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಕೊಡ್ತಾರೆ. ಕೋಶದಲ್ಲಿ ಟೆಂಪ್ರೆಸ್ ತಡೆದು ವೈರಸ್ಸನ್ನೂ ತಡೆಯಿತು. ಡೆನ್ಮಾರ್ಕಿನಲ್ಲಿ ಆಸ್ಪತ್ರೆ ಸೇರಿದ ರೋಗಿಗಳಿಗೆ ಕೊಟ್ಟು ನೋಡಿದರು, ಚೇತರಿಕೆ ಬೇಗ ಆಗಲಿಲ್ಲ. ಆಸ್ಪತ್ರೆಗೆ ಬರೋ ಹೊತ್ತಿಗೆ ವೈರಸ್ ಒಳಗೆ ಹೋಗಿ ದಿನಗಳಾಗಿರುತ್ತವೆ, ಆಮೇಲಿನ ಹಾನಿ ಹೆಚ್ಚಾಗಿ ನಮ್ಮದೇ ಉರಿಯೂತದ್ದು. ಒಳಗೆ ಹೋಗೋದನ್ನು ತಡೆಯೋ ಯಾವ ಔಷಧಕ್ಕೂ ಈ ತೊಡಕು ಇದ್ದದ್ದೇ. ಲಸಿಕೆ ಗೆದ್ದಿದ್ದು ಈ ಕಾರಣಕ್ಕೂ ಹೌದು: ವೈರಸ್ ಬರೋ ಮೊದಲೇ ಸ್ಪೈಕನ್ನು ಮುಚ್ಚೋ ಪ್ರತಿಕಾಯ ಸಿದ್ಧ ಇರುತ್ತೆ. ಅಂದ ಹಾಗೆ ಕೋವ್ಯಾಕ್ಸಿನ್ ವೈರಸ್ಸನ್ನು ಬೆಳೆಸಿದ್ದೂ ವೆರೋ ಕೋಶದಲ್ಲೇ.

ಕೋಟೆ_ಕಲ್ಲು

ಒಮಿಕ್ರಾನ್? ಅದು ಎಲ್ಲರಿಗೂ ಹತ್ತಿತು, ಡೆಲ್ಟಾ ಥರ ಶ್ವಾಸಕೋಶ ಹಿಡೀಲಿಲ್ಲ. ಅದಕ್ಕೂ ನಿಮ್ಮ ಕತ್ತರಿನೇ ಕಾರಣ ಅಂತೀಯಾ ತಂಗೀ?

ವೆರೋ_ಹುಡುಗಿ

ಒಂದು ಪಾಲು ಹೌದು. ಡೆಲ್ಟಾದಲ್ಲಿ ಫ್ಯೂರಿನ್ ಜಾಗ ಇನ್ನೂ ಚೆನ್ನಾಗಿ ಕತ್ತರಿಸೋ ಹಾಗೆ ಬದಲಾಗಿತ್ತು. ಮೊದಲ ಒಮಿಕ್ರಾನ್ ಎಸಿಇ2 ಹಿಡಿಯೋದರಲ್ಲಿ ಏನೂ ಕಮ್ಮಿ ಇರಲಿಲ್ಲ, ಆದರೆ ಟೆಂಪ್ರೆಸ್ ದಾರಿ ಸರಿಯಾಗಿ ಬಳಸ್ತಿರಲಿಲ್ಲ, ಎಂಡೋಸೋಮ್ ದಾರಿ ಕಡೆ ವಾಲಿತ್ತು. ಶ್ವಾಸಕೋಶದ ಕೋಶದಲ್ಲಿ ನಿಧಾನ, ಮೇಲಿನ ಉಸಿರಾಟದ ನಾಳದಲ್ಲಿ ಜೋರು. ಇನ್ನೊಂದು ಪಾಲು, ಅಷ್ಟು ಹೊತ್ತಿಗೆ ನಾವೆಲ್ಲ ಲಸಿಕೆ ಹಾಕಿಸಿಕೊಂಡಿದ್ವಿ, ಇಲ್ಲಾ ಒಂದ್ಸಲ ಮಲಗೆದ್ದಿದ್ವಿ.

ಎಚ್‌ಕೆಯು1 ವಿಷಯ ಇನ್ನೂ ಮಜಾ. 2005ರಿಂದ ಗೊತ್ತಿದ್ದ ವೈರಸ್, ಅದು ಯಾವ ಪ್ರೋಟೀನ್ ಹಿಡಿಯುತ್ತೆ ಅಂತ 2023ರವರೆಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ಟೆಂಪ್ರೆಸ್ಸೇ!

ಕೋಳಿಫಾರಂ_ಹರಿಹರ

ಹಂದಿ ಬಗ್ಗೆ ಬಿಟ್ರಿ. ನಮ್ಮ ಪಕ್ಕದ ತೋಟದೋರು ಹಂದಿ ಸಾಕ್ಯಾರ, ಕೇಳ್ತಾರ.

ವೆರೋ_ಹುಡುಗಿ

ಆ ಪ್ರಯೋಗದಲ್ಲಿ ಹಂದಿಗೂ ಹತ್ತಲಿಲ್ಲ ಅಂತ ಹೇಳಿ ಅಣ್ಣ. ಆದರೆ ಹಂದಿಯ ಎಸಿಇ2 ಅನ್ನು ಬೇರೆ ಕೋಶದ ಮೇಲೆ ಕೂರಿಸಿ ನೋಡಿದರೆ ವೈರಸ್ ಆರಾಮಾಗಿ ಒಳಗೆ ಹೋಗುತ್ತೆ. ಹಿಡಿಕೆ ಇದ್ದ ಮಾತ್ರಕ್ಕೆ ಪ್ರಾಣಿಗೆ ಸೋಂಕು ಹತ್ತಲೇಬೇಕು ಅಂತಿಲ್ಲ.

ಚಳ್ಳಕೆರೆ_ಬಯಾಲಜಿ

ವೆರೋ ಹುಡುಗಿ, ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿನ ಶಿಕ್ಷಕರ ತರಬೇತಿಗೆ ಹೋದಾಗ ಕೋಶ ಬೆಳೆಸೋದರ ಬಗ್ಗೆ ಕೇಳಿದ್ದೆ, ನಮ್ಮ ಹುಡುಗರಿಗೆ ತೋರಿಸೋಕೆ ನನ್ನ ಹತ್ತಿರ ಏನೂ ಇಲ್ಲ. ಒಂದು ಶನಿವಾರ ಆನ್‌ಲೈನ್ ಬಂದು ಅರ್ಧ ಗಂಟೆ ಮಾತಾಡ್ತೀರಾ? ಕನ್ನಡದಲ್ಲೇ ಇರಲಿ.

ವೆರೋ_ಹುಡುಗಿ

ಬರ್ತೀನಿ ಸರ್. ಮಧ್ಯಾಹ್ನ ಎರಡರ ಮೇಲಾದರೆ ಒಳ್ಳೇದು, ಬೆಳಿಗ್ಗೆ ಕೋಶಕ್ಕೆ ಮೀಡಿಯಂ ಬದಲಿಸೋದಿರುತ್ತೆ. ವೆರೋ, ಕ್ಯಾಲು-3 ಎರಡರ ಫೋಟೋನೂ ತರ್ತೀನಿ, ಯಾವುದು ಯಾವುದು ಅಂತ ಹುಡುಗರೇ ಹೇಳಲಿ.